ತವರು ಮುಚ್ಚಿದ ಕಾರು

ನಮ್ಮ ಕೇರಿಯಲ್ಲಿ ಒಂದು ಕಾರಿದೆ. ಹಿಂದೆ ಡಿಕ್ಕಿ ಉದ್ದಕ್ಕೆ ಚಾಚಿಕೊಂಡಿರುವ, ಸೆಡಾನ್ ಎಂದು ಕರೆಯುವ ಜಾತಿಯ ಕಾರು. ಷೆವರ್ಲೆ ಸೇಲ್ ಎಂದು ಅದರ ಹೆಸರು. 2014ರ ಮಾಡೆಲ್ಲು, ಡೀಸೆಲ್ಲು. ಅದನ್ನು ಮಾಡಿದ ಕಂಪನಿ ಈ ದೇಶದಲ್ಲಿ ಅಂಗಡಿ ಮುಚ್ಚಿಕೊಂಡು ಹೋಗಿ ವರ್ಷಗಳೇ ಆದವು. ನಾವು ನಾಲ್ವರು ಸೇರಿ 2022ರಲ್ಲಿ 1,60,000 ರೂಪಾಯಿಗೆ ಅದನ್ನು ಕೊಂಡೆವು. ಕೊಂಡೆವು ಅನ್ನುವುದಕ್ಕಿಂತ ಸಾಕುತ್ತಿದ್ದೇವೆ ಅನ್ನುವುದೇ ಸರಿ. ಬಡವರು ದನ ಸಾಕಿದ ಹಾಗೆ, ದಿನಾ ಮೈ ಸವರಿ, ಕಾಲು ನೋಡಿ, ಉಸಿರು ಕೇಳಿ.

ಕಾರಿನ ಬಗ್ಗೆ ಈ ಪುಟಗಳಲ್ಲಿ ಬರೆಯುವುದುಂಟೇ ಎಂದು ಮೂಗು ಮುರಿಯುವ ಗೆಳೆಯರಿರಬಹುದು. ಭೂಮಿ, ಕೂಲಿ, ಹಾಸ್ಟೆಲ್ಲು, ಸ್ಮಶಾನ ಇವುಗಳ ಮಾತಾಡುವ ಕಡೆ ಕಾರಿನ ಕತೆ ಏತಕ್ಕೆ? ಗೆಳೆಯರೇ, ಒಂದು ವಸ್ತುವಿನ ಬೆಲೆ ಎಲ್ಲಿಂದ ಬರುತ್ತದೆ, ಹೆಸರು ಎನ್ನುವುದು ಏನೇನು ಕೆಲಸ ಮಾಡುತ್ತದೆ ಎಂಬುದನ್ನು ಈ ಕಾರು ನಮಗೆ ಹೇಳಿಕೊಟ್ಟಷ್ಟು ನಮ್ಮ ಅರ್ಥಶಾಸ್ತ್ರದ ಮೇಷ್ಟರು ಹೇಳಿಕೊಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇವೆ.

ನಾವು ಅಂದರೆ ಯಾರು ಎಂದೂ ಹೇಳಿಬಿಡಬೇಕು. ನಂಜನಗೂಡು ತಾಲೂಕಿನ ಒಂದು ಊರಿನ ಕೆಳಗಲ ಕೇರಿಯ ಹುಡುಗರು. ಒಬ್ಬ ಐಟಿಐ ಮಾಡಿ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯೊಂದರಲ್ಲಿ ಕಂಟ್ರಾಕ್ಟ್ ಕೆಲಸಕ್ಕಿದ್ದಾನೆ. ಒಬ್ಬ ಸ್ಕೂಲ್ ವ್ಯಾನು ಓಡಿಸುತ್ತಾನೆ. ಒಬ್ಬ ಅತಿಥಿ ಉಪನ್ಯಾಸಕ. ಅತಿಥಿ ಅಂದಮೇಲೆ ಕೂರಿಸಿ ಊಟ ಹಾಕಬೇಕಿತ್ತು, ಇವನಿಗೆ ಸಂಬಳವೇ ಮೂರು ನಾಲ್ಕು ತಿಂಗಳಿಗೊಮ್ಮೆ. ಇನ್ನೊಬ್ಬ ಬಿ.ಎ. ಮುಗಿಸಿ ಪದ್ಯ ಬರೆಯುತ್ತಾನೆ, ಈ ಬರಹದ ಅಕ್ಷರ ಅವನದು. ಮಾತು ಮಾತ್ರ ನಾಲ್ವರದೂ. ನಮ್ಮ ಮನೆಗಳಲ್ಲಿ ಇಷ್ಟು ಓದಿದ ಮೊದಲ ತಲೆ ನಾವೇ. ಸ್ಟೀರಿಂಗ್ ಹಿಡಿದವರಲ್ಲಿ ಮಾತ್ರ ನಾವು ಮೊದಲಿಗರಲ್ಲ. ನಮ್ಮ ದೊಡ್ಡಪ್ಪಂದಿರು ಊರಿನ ಯಜಮಾನರ ಜೀಪು, ಟ್ರ್ಯಾಕ್ಟರು ಓಡಿಸಿ ಓಡಿಸಿಯೇ ಸೊಂಟ ಹಿಡಿಸಿಕೊಂಡವರು. ತಮ್ಮದು ಅಂತ ಒಂದನ್ನು ಓಡಿಸಿದವರಿರಲಿಲ್ಲ.

ಈಗ ಬೆಲೆ ಬಿದ್ದ ಕತೆ. ಷೆವರ್ಲೆ ಅನ್ನುವುದು ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಒಂದು ಹೆಸರು. ಈ ಕಂಪನಿ ನಮ್ಮ ದೇಶಕ್ಕೆ ಹೊಸದೇನಲ್ಲ. 1928ರಲ್ಲೇ ಬೊಂಬಾಯಿಯಲ್ಲಿ ಕಾರು ಜೋಡಿಸಲು ಶುರುಮಾಡಿ, 1954ರಲ್ಲಿ ಬಿಟ್ಟುಹೋಗಿತ್ತು. 1990ರ ದಶಕದಲ್ಲಿ ಸರ್ಕಾರ ಬಾಗಿಲು ತೆರೆದಾಗ ಮತ್ತೆ ಬಂತು. ಮೊದಲು ಓಪೆಲ್ ಎಂಬ ಹೆಸರಲ್ಲಿ ಮಾರಿತು, 2003ರಿಂದ ಷೆವರ್ಲೆ ಹೆಸರಲ್ಲಿ. 2017ರ ಮೇ ತಿಂಗಳಲ್ಲಿ, ವರ್ಷದ ಕೊನೆಗೆ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸುತ್ತೇವೆ ಅಂದಿತು, ನಿಲ್ಲಿಸಿತು. ಗುಜರಾತಿನ ಹಾಲೋಲ್ ಕಾರ್ಖಾನೆ ಚೀನಾದ ಒಂದು ಕಂಪನಿಯ ಕೈಸೇರಿತು. ಮಹಾರಾಷ್ಟ್ರದ ತಳೇಗಾಂವ್‌ನಲ್ಲಿ ಹೊರದೇಶಕ್ಕೆ ಕಳಿಸುವ ಕಾರುಗಳು 2020ರ ಡಿಸೆಂಬರ್‌ವರೆಗೆ ತಯಾರಾಗಿ ಅದೂ ನಿಂತಿತು. ಸಾವಿರಕ್ಕೂ ಹೆಚ್ಚು ಕಾರ್ಮಿಕರು ಗೇಟಿನ ಹೊರಗೆ ಬಿದ್ದರು, ಕೋರ್ಟು ಹತ್ತಿದರು. ಮುಂದೆ ಆ ಕಾರ್ಖಾನೆಯನ್ನು ಹ್ಯುಂಡೈನವರು ಕೊಂಡರು.

ನೋಡಿ, ಆ ಘೋಷಣೆಯಾದ ದಿನ ರಸ್ತೆಯ ಮೇಲಿದ್ದ ಯಾವ ಷೆವರ್ಲೆಯ ಒಂದು ಬೋಲ್ಟೂ ಸಡಿಲಾಗಲಿಲ್ಲ. ನಿನ್ನೆ ಓಡಿದಂತೆಯೇ ಇವತ್ತೂ ಓಡಿತು. ಆದರೂ ಬೆಲೆ ಬಿತ್ತು. ನಾವು ಕೊಳ್ಳುವಾಗ ಅದೇ 2014ರ, ಅಷ್ಟೇ ಓಡಿದ, ಅದೇ ಬಗೆಯ ಎಂಜಿನ್ನಿನ ಮಾರುತಿ ಡಿಜೈರ್‌ಗೆ ಬ್ರೋಕರ್ 4,25,000 ಹೇಳಿದ. ಸೇಲ್‌ಗೆ 1,60,000. ನಡುವಿನ 2,65,000 ರೂಪಾಯಿ ಯಾವುದರ ಬೆಲೆ? ಕಬ್ಬಿಣದ್ದಲ್ಲ, ಗಾಜಿನದ್ದಲ್ಲ, ರಬ್ಬರಿನದ್ದಲ್ಲ. ಹೆಸರಿನದು.

ಹೆಸರಿಗೆ ಎಷ್ಟು ಬೆಲೆ ಅನ್ನುವುದಕ್ಕೆ ನಮ್ಮ ದೇಶದಲ್ಲೇ ಒಂದು ಲೆಕ್ಕವಿದೆ. ಅಂಬಾಸಿಡರ್ ಕಾರು ಮಾಡುತ್ತಿದ್ದ ಬಂಗಾಳದ ಉತ್ತರಪಾರದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಕೆಲಸ ನಿಲ್ಲಿಸಿತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನು ಫ್ರಾನ್ಸಿನ ಪ್ಯೂಜೋ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಕಾರಲ್ಲ, ಯಂತ್ರವಲ್ಲ, ಆ ಯಂತ್ರ ತಿರುಗಿಸಿದ ಕೈಗಳೂ ಅಲ್ಲ. ಬರೀ ಹೆಸರು.

ಷೆವರ್ಲೆ ಅನ್ನುವುದೂ ಒಬ್ಬ ಮನುಷ್ಯನ ಹೆಸರು. ಲೂಯಿ ಷೆವರ್ಲೆ, ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದವನು, ಗಡಿಯಾರ ಮಾಡುವವನ ಮಗ, ಓದು ಅಷ್ಟಕ್ಕಷ್ಟೆ. ಮೆಕ್ಯಾನಿಕ್ ಆದ, ರೇಸಿನಲ್ಲಿ ಕಾರು ಓಡಿಸಿದ. 1911ರಲ್ಲಿ ದುಡ್ಡುಳ್ಳ ಪಾಲುದಾರನೊಬ್ಬನ ಜೊತೆ ಕಂಪನಿ ಶುರುವಾಯಿತು. ಎರಡು ಮೂರು ವರ್ಷದಲ್ಲೇ ಜಗಳವಾಗಿ ಹೊರಬಂದ. ಹೆಸರು ಮಾತ್ರ ಒಳಗೇ ಉಳಿಯಿತು. ಅವನ ಹೆಸರಿನ ಕಾರುಗಳು ಲೋಕವೆಲ್ಲ ಓಡಾಡುತ್ತಿದ್ದಾಗ ಅವನು ಕೈ ಬರಿದಾಗಿ, ಕೊನೆಗಾಲದಲ್ಲಿ ತನ್ನದೇ ಹೆಸರು ಹೊತ್ತ ಕಂಪನಿಯ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಕೆಲಸಕ್ಕೆ ಸೇರಿದ. 1941ರಲ್ಲಿ ತೀರಿಕೊಂಡ. ಈ ಕತೆ ಹೇಳಿದಾಗ ನಮ್ಮ ದೊಡ್ಡಪ್ಪ, ‘ಅಂವನೂ ನಮ್ಮೋನೇ ಬುಡು’ ಅಂದರು.

ಕಾರು ತರುವ ಮುಂಚೆ ಮನೆಗಳಲ್ಲಿ ದೊಡ್ಡ ರಾಮಾಯಣವೇ ಆಯಿತು. ಕಂಪನಿ ಹೋಗಿದೆ, ಸಾಮಾನು ಸಿಕ್ಕುವುದು ಕಷ್ಟ, ಅದಕ್ಕೇ ಅಗ್ಗ ಎಂದು ಬಿಡಿಸಿ ಹೇಳಿದೆವು. ಅವ್ವ ಕೇಳಿ ಕೇಳಿ, ‘ಅಂಗಾರ ತವರು ಮುಚ್ಚೋದ ಹೆಣ್ಣ ತತ್ತಿದ್ದೀರಿ ಅನ್ನಿ’ ಅಂದಳು. ಆಮೇಲೆ ತಾನೇ, ‘ತವರಿಲ್ದ ಹೆಣ್ಣೇ ಬಾಳೋದು ಕನಾ. ಸಿಟ್ಟು ಮಾಡ್ಕಂಡು ಎಲ್ಲಿಗೋದಾಳು?’ ಅಂದಳು. ಅವ್ವ ಹಾಗೇ ಬಾಳಿದವಳು. ನಾವು ಮಾತಾಡಲಿಲ್ಲ. ಇನ್ನೊಬ್ಬನ ಅಪ್ಪನಿಗೆ ಬೇರೆಯದೇ ಸಂಕಟ. ‘ಉಳ್ಳೋರು ಉಟ್ಟು ಬುಟ್ಟ ಬಟ್ಟೆ ನಾವು ಉಟ್ಟದ್ದು ಸಾಕಾಗಿತ್ತು. ನೀವು ಓದಿ ಅವರು ಬುಟ್ಟ ಕಾರ ತತ್ತೀರಾ?’ ಅಂದ. ಅದು ಸುಲಭಕ್ಕೆ ಉತ್ತರ ಕೊಡುವ ಮಾತಲ್ಲ. ಒಂದೇ ಹೇಳಿದೆವು: ಬಟ್ಟೆಯನ್ನು ಅವರು ಕೊಟ್ಟರು, ನಾವು ಕೈಯೊಡ್ಡಿದೆವು. ಇದಕ್ಕೆ ದುಡ್ಡು ಎಣಿಸಿ ಕೊಡುತ್ತೇವೆ, ಕಾಗದ ಬರೆಸಿಕೊಳ್ಳುತ್ತೇವೆ.

ದುಡ್ಡು ಎಣಿಸಿದ್ದು ಹೀಗೆ. ಫೈನಾನ್ಸಿನವರು ಈ ಹೆಸರಿನ ಗಾಡಿಗೆ ಸಾಲವಿಲ್ಲ ಅಂದರು. ಚೀಟಿ ಎತ್ತಿ 70,000. ಅತಿಥಿ ಉಪನ್ಯಾಸಕನ ಬಾಕಿ ಸಂಬಳ ಒಟ್ಟಿಗೆ ಬಂದದ್ದು 36,000. ವ್ಯಾನಿನವನು ಮದುವೆಗೆಂದು ಕೂಡಿಟ್ಟ 30,000. ಆಡು ಮಾರಿ 24,000. ಕಾಗದ ಯಾರ ಹೆಸರಿಗೆ? ನಾಲ್ವರ ಹೆಸರು ಆರ್‌ಸಿಯಲ್ಲಿ ಹಿಡಿಸುವುದಿಲ್ಲ. ಕೊನೆಗೆ ತವರಿನ ಮಾತಾಡಿದ ಅವ್ವನ ಹೆಸರಿಗೇ ಎಂದು ತೀರ್ಮಾನವಾಯಿತು. 30ನೇ ನಂಬರಿನ ಫಾರಮ್ಮಿನಲ್ಲಿ, ಕೊಳ್ಳುವವರ ಸಹಿ ಅಂತ ಇರುವ ಜಾಗದಲ್ಲಿ, ಅವ್ವ ರಾತ್ರಿ ಶಾಲೆಯಲ್ಲಿ ಕಲಿತ ಐದು ಅಕ್ಷರವನ್ನು ಐದು ನಿಮಿಷ ಬರೆದಳು. ಕೇರಿಯಲ್ಲಿ ಭೂಮಿಯ ಪಹಣಿ ಹೆಣ್ಣಿನ ಹೆಸರಲ್ಲಿರುವ ಒಂದು ಮನೆಯೂ ಇಲ್ಲ. ಕಾರಿದೆ.

ಕೇರಿಗೆ ಬಂದ ದಿನ ಮಕ್ಕಳು ಹಿಂದೆ ಬರೆದಿರುವುದನ್ನು ಓದಿ, ‘ಸೇಲ್ ಅಂತ ಬರ್ದವ್ರೆ, ಮಾರಕ್ಕೆ ನಿಲ್ಸವ್ರಾ?’ ಅಂದವು. ಇದು ಹಡಗಿನ ಹಾಯಿ ಅನ್ನುವ ಸೇಲು, ಮಾರಾಟದ ಸೇಲಲ್ಲ ಎಂದು ಇಂಗ್ಲಿಷ್ ಪಾಠ ಮಾಡಿದೆವು. ಮುಂದಿನ ಚಿನ್ನದ ಬಣ್ಣದ ಗುರುತು ಕಂಡು ದೊಡ್ಡಪ್ಪ, ‘ಶಿಲುಬೆ ಅದಲ್ಲಾ, ಕಿರಸ್ತಾನ್ರು ಆದ್ರಾ?’ ಅಂದರು. ಅದು ಕುತ್ತಿಗೆಗೆ ಕಟ್ಟುವ ಬೋ ಅಂತೆ. ಅಷ್ಟರಲ್ಲಿ ಯಾರೋ ನಿಂಬೆಹಣ್ಣು ಇಟ್ಟಾಗಿತ್ತು.

ಈಗ ಸಾಕುವ ಮಾತಿಗೆ ಬರೋಣ. ಮೈಸೂರಿನ ಒಂದು ಗ್ಯಾರೇಜಿನಲ್ಲಿ ನಮಗೆ ಗುರು ಸಿಕ್ಕಿದರು. ಅವರನ್ನು ಎಲ್ಲರೂ ಭಾಯಿ ಅನ್ನುತ್ತಾರೆ, ನಾವೂ ಅನ್ನುತ್ತೇವೆ. ಮೊದಲ ದಿನ ಬಾನೆಟ್ ಎತ್ತಿ, ‘ಮೇಲಿನ ಮಾರ್ಕು ನೋಡ್ಬ್ಯಾಡಿ ಸಾರ್, ಒಳಗೆ ನೋಡಿ. ಇದು ಸ್ವಿಫ್ಟ್ ಎಂಜಿನ್ನು’ ಅಂದರು.

ಆ ಎಂಜಿನ್ನಿನ ವಂಶಾವಳಿ ಕೇಳಬೇಕು. 1.3 ಲೀಟರಿನದು, ಕರಾರುವಾಕ್ಕಾಗಿ 1248 ಸಿಸಿ. ಇಟಲಿಯ ಫಿಯೆಟ್ ಕಂಪನಿಯೂ ಜನರಲ್ ಮೋಟಾರ್ಸ್ ಕಂಪನಿಯೂ 2000ದಲ್ಲಿ ನೆಂಟಸ್ತಿಕೆ ಬೆಳೆಸಿದವು. ಆ ಕಾಲದಲ್ಲಿ ಹುಟ್ಟಿದ ಕೂಸು ಇದು, 2003ರಲ್ಲಿ ಪೋಲೆಂಡಿನಲ್ಲಿ ತಯಾರಾಗತೊಡಗಿತು. 2005ರಲ್ಲಿ ನೆಂಟಸ್ತಿಕೆ ಮುರಿಯಿತು. ಫಿಯೆಟ್ಟನ್ನು ಪೂರ್ತಿ ಕೊಳ್ಳಬೇಕಾದ ಕರಾರಿನಿಂದ ಬಿಡಿಸಿಕೊಳ್ಳಲು ಅಮೆರಿಕದವರು 200 ಕೋಟಿ ಡಾಲರ್ ತೆತ್ತರು. ಗಂಡ ಹೆಂಡಿರು ಬೇರೆಯಾದರೂ ಕೂಸು ಇಬ್ಬರ ಮನೆಯಲ್ಲೂ ಬೆಳೆಯಿತು, ನೆರೆಮನೆಗಳಲ್ಲೂ ಬೆಳೆಯಿತು. ನಮ್ಮ ದೇಶದಲ್ಲಿ ಮಾರುತಿಯವರು ಅದನ್ನು ಸ್ವಿಫ್ಟ್‌ಗೆ, ಡಿಜೈರ್‌ಗೆ, ರಿಟ್ಜ್‌ಗೆ ಹಾಕಿದರು. ಟಾಟಾದವರು ಇಂಡಿಕಾ ವಿಸ್ಟಾಗೆ, ಮಾಂಝಾಗೆ ಹಾಕಿದರು. ಫಿಯೆಟ್ಟಿನವರೇ ಪುಂಟೊ, ಲಿನಿಯಾಗೆ ಹಾಕಿದರು. 2013ರಲ್ಲಿ ಬಂದ ಸೇಲ್ ಸೆಡಾನಿನ ಡೀಸೆಲ್ ಗಾಡಿಗೂ ಅದೇ ಬಂತು. ಒಂದೊಂದು ಮನೆಯಲ್ಲಿ ಒಂದೊಂದು ಹೆಸರು. ಪತ್ರಿಕೆಯವರು ತಮಾಷೆಗೆ ಇದನ್ನು ರಾಷ್ಟ್ರೀಯ ಎಂಜಿನ್ ಅನ್ನುತ್ತಿದ್ದರು. ಹಾಗಂತ ಎಲ್ಲವೂ ಎಲ್ಲದಕ್ಕೂ ಕೂರುವುದಿಲ್ಲ. ಹೊಟ್ಟೆಯೊಳಗಿನ ಸಾಮಾನು ಬಹಳಷ್ಟು ಹೊಂದುತ್ತದೆ. ಹೊರಗಿನ ಪೈಪು, ಬ್ರಾಕೆಟ್ಟು, ವೈರಿಂಗು, ತಲೆ ಅನ್ನಿಸಿಕೊಂಡ ಇಸಿಎಂ ಪೆಟ್ಟಿಗೆ ಇವೆಲ್ಲ ಬೇರೆ ಬೇರೆ. ಅಡಿಯ ಲೋಯರ್ ಆರ್ಮು, ಬಾಗಿಲು, ಲೈಟು, ಗಾಜು, ಬಂಪರು ಸೇಲ್‌ನದ್ದೇ ಆಗಬೇಕು. ಮುಂದಿನ ಮುಖ ಸೇಲ್ ಯುವಾ ಅನ್ನುವ ಗಿಡ್ಡ ಕಾರಿನದ್ದೂ ಒಂದೇ, ಆದ್ದರಿಂದ ಹುಡುಕಿದರೆ ಸಿಕ್ಕೀತು. ಹಿಂಭಾಗ ಮಾತ್ರ ಸೆಡಾನಿನದ್ದು ಸೆಡಾನಿಗೇ. ಇಂಥಾ ಕಾರು ಇಟ್ಟವರು ಹಿಂದಿನಿಂದ ಗುದ್ದಿಸಿಕೊಳ್ಳಬಾರದು.

ಭಾಯಿ ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ, ಆದರೆ ಕಾರು ಬದುಕಿರುವುದು ಅದರಿಂದಲೇ. ಈ ಎಂಜಿನ್ನಿಗೆ ಬೆಲ್ಟಿಲ್ಲ, ಒಳಗೆ ಚೈನಿದೆ. ಚೈನು ತಂತಾನೇ ಬೇಗ ಕೆಡುವುದಲ್ಲ, ಆಯಿಲ್ ಕಡೆಗಣಿಸಿದರೆ ಕೆಡುವುದು. ಮೂರು ಲೀಟರ್ ಚಿಲ್ಲರೆ ಆಯಿಲು, ಅದರಲ್ಲಿ ಜಿಪುಣತನ ಮಾಡಿದರೆ ಎಂಜಿನ್ನೇ ಹೋಗುತ್ತದೆ. ಹೊಸ ಗಾಡಿಯವರು ಕಂಪನಿ ಹೇಳಿದಷ್ಟು ಓಡಿಸಿ ಬದಲಾಯಿಸಲಿ, ನೀವು 8,000 ಕಿಲೋಮೀಟರಿಗೇ ಬದಲಾಯಿಸಿ ಅಂದರು. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕಿವಿಗೊಡಬೇಕು, ಒಳಗೆ ಕಲ್ಲು ಗಿಲಕಿ ಆಡಿಸಿದಂತೆ ಸದ್ದು ಬಂದು ನಿಂತರೆ ಚೈನು ಸಡಿಲಾಗುತ್ತಿದೆ ಎಂದು ತಿಳಿಯಬೇಕು. ದೂರದಿಂದ ಓಡಿಸಿಕೊಂಡು ಬಂದವರು ತಟ್ಟನೆ ಕೀ ತಿರುಗಿಸಿ ಇಳಿಯಬಾರದು. ಟರ್ಬೊ ಇನ್ನೂ ಕಾದಿರುತ್ತದೆ, ಅರ್ಧ ನಿಮಿಷ ಸುಮ್ಮನೆ ಓಡಲು ಬಿಟ್ಟು ಆರಿಸಬೇಕು. ಗದ್ದೆಯಿಂದ ಬಂದ ಎತ್ತಿಗೆ ಕೂಡಲೇ ನೀರು ತೋರಿಸಬೇಡಿ ಅನ್ನುತ್ತಿದ್ದ ನಮ್ಮ ತಾತನಿಗೆ ಈ ಮಾತು ಹೇಳಿದ್ದರೆ ಅರ್ಥವಾಗುತ್ತಿತ್ತು. ಡೀಸೆಲ್ ಫಿಲ್ಟರಿನ ಅಡಿಯ ನೀರು ಬಿಡುವುದು, ಇಜಿಆರ್ ವಾಲ್ವಿಗೆ ಕಟ್ಟಿದ ಮಸಿ ತೊಳೆಯುವುದು, ಈ ಎರಡು ಕೆಲಸ ಈಗ ನಮ್ಮ ಐಟಿಐನವನೇ ಮಾಡುತ್ತಾನೆ.

ಒಂದು ನೋಟುಬುಕ್ಕು ಇಟ್ಟಿದ್ದೇವೆ. ತಲಾ 500ರಂತೆ ತಿಂಗಳಿಗೆ 2,000 ರೂಪಾಯಿ ಕಾರಿನ ಡಬ್ಬಿಗೆ. 2023ರಲ್ಲಿ ಕ್ಲಚ್ಚು 9,200, ಬ್ಯಾಟರಿ 4,800, ಮುಂದಿನ ಬುಶ್ಶುಗಳು, ಲಿಂಕ್ ರಾಡು ಸೇರಿ 3,600. ಇವೆಲ್ಲ ವಯಸ್ಸಿನ ಕಾಯಿಲೆ. ಜೊತೆಗೆ ನಮ್ಮ ಊರಿನ ರಸ್ತೆ. ಕಾರನ್ನು ದೂರಿ ಪ್ರಯೋಜನವಿಲ್ಲ. ವಿಮೆಯ ಸಾಲು ಮಾತ್ರ ನಮಗೆ ಖುಷಿ ಕೊಡುವಂಥದ್ದು. ಮೂರನೆಯವರಿಗೆ ಆಗುವ ನಷ್ಟದ ವಿಮೆಗೆ 1000ದಿಂದ 1500 ಸಿಸಿ ಒಳಗಿನ ಖಾಸಗಿ ಕಾರಿಗೆಲ್ಲ ಒಂದೇ ದರ, 2022ರಲ್ಲಿ ಗೊತ್ತುಮಾಡಿದ್ದು 3,416 ರೂಪಾಯಿ, ತೆರಿಗೆ ಬೇರೆ. ಹೊಸ ಹೆಸರಿನ ಕಾರಿಗೂ ಅಷ್ಟೆ, ಸತ್ತ ಹೆಸರಿನ ಕಾರಿಗೂ ಅಷ್ಟೆ. ಸರ್ಕಾರ ಹೆಸರು ಕೇಳದೆ ಹೊಟ್ಟೆ ಅಳೆದು ದರ ಹಾಕಿದ್ದು ಇದೊಂದೇ ಇರಬೇಕು.

ಚೈನಿನ ಸದ್ದು ಬಂದದ್ದು 2023ರ ಕೊನೆಯಲ್ಲಿ. ಭಾಯಿ ಎಂಜಿನ್ನು ಬಿಚ್ಚಿ, ‘ಚೈನ್ ಕಿಟ್ ಬೆಂಗಳೂರಿಂದ ತನ್ನಿ, ಜೆ.ಸಿ. ರೋಡಲ್ಲಿ ಸಿಗ್ತದೆ’ ಅಂದರು. ಹಳೆಯ ಚೈನನ್ನು ಪೇಪರಿನಲ್ಲಿ ಸುತ್ತಿಕೊಂಡು ನಾವು ಮೂವರು ರೈಲು ಹತ್ತಿದೆವು. ಜೆ.ಸಿ. ರೋಡು ಅಂದರೆ ಗೊತ್ತಲ್ಲ, ಉದ್ದಕ್ಕೂ ಗಾಡಿ ಸಾಮಾನಿನ ಅಂಗಡಿಗಳೇ. ಮೊದಲ ಅಂಗಡಿಯಲ್ಲಿ, ‘ಷೆವರ್ಲೆ ಸೇಲ್ ಡೀಸೆಲ್, ಟೈಮಿಂಗ್ ಚೈನ್ ಕಿಟ್’ ಅಂದೆವು. ಅಂಗಡಿಯವನು ತಲೆ ಎತ್ತಲೇ ಇಲ್ಲ. ‘ಷೆವರ್ಲೆ ಬಂದ್ ಆಗಿದೆ. ಇಲ್ಲ.’ ಎರಡನೆಯ ಅಂಗಡಿ, ‘ಇಲ್ಲ.’ ಮೂರನೆಯವನು ನಕ್ಕು, ‘ಆ ಗಾಡಿ ಯಾಕೆ ತಗೊಂಡ್ರಿ?’ ಅಂದ. ನಾಲ್ಕನೆಯ ಅಂಗಡಿಯ ಹೊತ್ತಿಗೆ ಮಧ್ಯಾಹ್ನ.

ಫುಟ್‌ಪಾತಿನಲ್ಲಿ ಟೀ ಕುಡಿಯುತ್ತ ನಮ್ಮೊಳಗೇ ಜಗಳ ಬಿತ್ತು. ವ್ಯಾನಿನವನು, ‘ಸ್ವಿಫ್ಟ್ ಅಂತ ಹೇಳ್ಬುಡವಾ ಕನ್ರೋ, ಕಂಪನಿ ಹೆಸರು ಯಾಕೆ ಹೇಳ್ತೀರಿ, ಸಾಮಾನು ಸಿಕ್ಕುದ್ರೆ ಸಾಕಲ್ವಾ’ ಅಂದ. ಸರಿಯಾದ ಮಾತೇ. ಸುಳ್ಳೂ ಅಲ್ಲ, ಎಂಜಿನ್ನು ಅದೇ ತಾನೆ. ಆದರೆ ಐಟಿಐನವನು ಒಪ್ಪಲಿಲ್ಲ. ‘ಹೆಸರು ಮುಚ್ಚಿಟ್ಟು ತಕಳಾದು ನಂಗೆ ಸಾಕಾಗದೆ’ ಅಂದ. ಅವನು ಯಾವುದನ್ನು ನೆನೆದು ಅಂದ ಎಂದು ನಮಗೆಲ್ಲ ಗೊತ್ತಿತ್ತು. ಮೈಸೂರಿನಲ್ಲಿ ಓದುವಾಗ ಹಾಸ್ಟೆಲ್ ಸಿಕ್ಕದ ವರ್ಷ ರೂಮು ಹುಡುಕಿದೆವು. ‘ಯಾವೂರು? ಯಾವ ಪೈಕಿ?’ ಎಂದು ಕೇಳಿದ ಮೂರು ಮನೆಗಳಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆವು. ಮೂರರಲ್ಲೂ ರೂಮು ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿತ್ತು. ನಾಲ್ಕನೆಯ ಮನೆಯಲ್ಲಿ ಬೇರೆ ಪೈಕಿ ಹೇಳಿದೆವು, ಅಪ್ಪನ ಹೆಸರನ್ನೂ ಅದಕ್ಕೆ ತಕ್ಕ ಹಾಗೆ ತಿದ್ದಿದೆವು. ರೂಮು ಖಾಲಿ ಇತ್ತು. ಹನ್ನೊಂದು ತಿಂಗಳು ಅಲ್ಲಿದ್ದೆವು. ಅಪ್ಪ ನೋಡಲು ಬಂದರೆ ಬಸ್‌ಸ್ಟ್ಯಾಂಡಿನಲ್ಲೇ ಟೀ ಕುಡಿಸಿ, ಮಾತಾಡಿಸಿ, ಅಲ್ಲಿಂದಲೇ ಬಸ್ಸು ಹತ್ತಿಸುತ್ತಿದ್ದೆವು. ‘ರೂಮು ತೋರ್ಸಲ್ವಲ್ಲಪ್ಪಾ’ ಅಂತ ಅಪ್ಪ ಒಂದು ಸಲ ಮಾತ್ರ ಕೇಳಿದ. ಎರಡನೆಯ ಸಲ ಕೇಳಲಿಲ್ಲ.

ಟೀ ಲೋಟ ಇಟ್ಟು ಐಟಿಐನವನು ಎದ್ದು ಮೊದಲ ಅಂಗಡಿಗೇ ವಾಪಸು ನಡೆದ. ಪೇಪರು ಬಿಚ್ಚಿ ಹಳೆಯ ಚೈನನ್ನು ಕೌಂಟರಿನ ಮೇಲೆ ಇಟ್ಟ. ಹೆಸರೇ ಎತ್ತಲಿಲ್ಲ. ‘ಇದು ಬೇಕು’ ಅಂದ. ಅಂಗಡಿಯವನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಒಳಗೆ ಹೋಗಿ ಪೆಟ್ಟಿಗೆ ತಂದಿಟ್ಟ. ಕೊಂಡಿ ಕೊಂಡಿ ಹೊಂದಿಸಿ ಎಣಿಸಿದೆವು. ಅದೇ ಅಳತೆ, ಅದೇ ಹಲ್ಲು. ‘ಇದು ನಡೆಯೋ ಮಾಲು, ಮೊದಲೇ ಹೇಳ್ಬಾರ್ದಾ?’ ಅಂದ. ‘ಮೊದಲೇ ಹೇಳಿದ್ವಿ’ ಅಂದೆವು. ಅವನಿಗೆ ನೆನಪಿರಲಿಲ್ಲ.

ರೈಲಿನಲ್ಲಿ ಬರುವಾಗ ಇದೇ ಮಾತು. ಅಂಗಡಿಯಲ್ಲಿ ಚೈನು ತೆಗೆದು ಕೌಂಟರಿನ ಮೇಲಿಟ್ಟೆವು, ಸರಿ. ರೂಮು ಕೇಳುವಾಗ ಯಾವುದನ್ನು ತೆಗೆದು ಇಡುವುದು? ಮಾರ್ಕ್ಸ್ ಕಾರ್ಡು ಇಟ್ಟು ನೋಡಿದ್ದೆವಲ್ಲ. ಉಪನ್ಯಾಸಕ ಕಿಟಕಿ ಕಡೆ ಮುಖ ಮಾಡಿ ಕೂತ. ಮದ್ದೂರಿನಲ್ಲಿ ವಡೆ ಬಂತು, ತಿಂದೆವು.

ಮದುವೆ ಮನೆಗಳ ಮಾತು ಬೇಗ ಹೇಳಿ ಮುಗಿಸುತ್ತೇವೆ. ಎಲ್ಲಿಗೆ ಈ ಕಾರಿನಲ್ಲಿ ಹೋದರೂ ಇಳಿದವನನ್ನು, ‘ಸಾಹೇಬ್ರು ಎಲ್ಲಿ?’ ಅನ್ನುತ್ತಾರೆ. ಒಂದು ಕಡೆ, ‘ಡ್ರೈವರ್‌ಗಳ ಊಟ ಆ ಕಡೆ’ ಅಂದರು. ನಾವು ನಾಲ್ವರೂ ಆ ಕಡೆಯೇ ಹೋಗಿ ಕೂತೆವು. ಸಾರು ಚೆನ್ನಾಗಿತ್ತು.

ಟ್ರ್ಯಾಕ್ಟರಿನ ಕತೆ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. 2024ರ ಕಬ್ಬು ಕಡಿಯುವ ಕಾಲ. ಊರಿನ ಯಜಮಾನರೊಬ್ಬರ ಕಬ್ಬಿನ ಟ್ರೈಲರು ಹಿಂದಕ್ಕೆ ಬರುವಾಗ, ಅರಳಿಕಟ್ಟೆ ಹತ್ತಿರ ನಿಲ್ಲಿಸಿದ್ದ ನಮ್ಮ ಕಾರಿನ ಎಡಗಡೆಯ ಟೈಲ್ ಲ್ಯಾಂಪು ಪುಡಿ ಮಾಡಿ, ಡಿಕ್ಕಿಯ ಮೂಲೆ ಒಳಕ್ಕೆ ತಳ್ಳಿ, ಬಂಪರು ಹರಿಯಿತು. ಓಡಿಸುತ್ತಿದ್ದವನು ನಮ್ಮ ಕೇರಿಯವನೇ. ಅವನನ್ನು ಕೇಳಿ ಏನು ಮಾಡುವುದು? ನಮ್ಮ ವಿಮೆ ಮೂರನೆಯವರದು ಮಾತ್ರ, ನಮ್ಮ ಗಾಡಿಗೆ ಅದರಿಂದ ಕಾಸು ಬರುವುದಿಲ್ಲ. ಟ್ರ್ಯಾಕ್ಟರಿನ ವಿಮೆಯಿಂದ ಕೇಳಬೇಕಾದರೆ ಪೊಲೀಸ್ ದೂರು ಬೇಕು. ದೂರು ಅಂದ ಕೂಡಲೇ ಮನೆಗಳಲ್ಲಿ ಬಾಗಿಲು ಮುಚ್ಚಿ ಮಾತಾಡತೊಡಗಿದರು. ನಾಲ್ವರಲ್ಲಿ ಇಬ್ಬರ ಅಪ್ಪಂದಿರು ಆ ಯಜಮಾನರ ಗದ್ದೆಯಲ್ಲೇ ಕೂಲಿ.

ಅಪ್ಪನನ್ನೂ ಕರೆದುಕೊಂಡು ಯಜಮಾನರ ಮನೆಗೆ ಹೋದೆವು. ಅಪ್ಪ ಜಗಲಿಯ ಕೆಳಗೇ ನಿಂತ. ನಾವು ಜಗಲಿ ಹತ್ತಿದೆವು. ರಿಪೇರಿಗೆ ಇಷ್ಟಾಗಬಹುದು ಎಂದು ಬರೆದ ಚೀಟಿ ಕೊಟ್ಟೆವು. ಯಜಮಾನರು ಚೀಟಿ ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ, ಕೆಳಗೆ ನಿಂತಿದ್ದ ಅಪ್ಪನ ಕಡೆ ತಿರುಗಿ, ‘ಏನಯ್ಯಾ, ಆ ಗುಜರಿ ಗಾಡಿಗೆ ಯಾಕೆ ದುಡ್ಡು ಸುರೀತೀರಿ? ಕಂಪನಿಯೋನೇ ಬುಟ್ಟು ಓಡೋಗವನೆ. ಅರವತ್ತು ಸಾವಿರ ಕೊಡ್ತೀನಿ, ಬುಟ್ಬುಡಿ. ಎಂಜಿನ್ನು ಏನಕ್ಕಾದ್ರೂ ಆಯ್ತದೆ’ ಅಂದರು. ಕೋಪದಿಂದಲ್ಲ, ನಗುನಗುತ್ತಲೇ. ‘ಸೇಲ್ ಅಂತ ನೀವೇ ಬರ್ಕಂಡಿದ್ದೀರಲ್ಲಾ’ ಎಂದೂ ಸೇರಿಸಿದರು. ಅಪ್ಪ, ‘ಹುಡುಗ್ರು ಬುದ್ದಿ, ಕೇಳಾಕಿಲ್ಲ’ ಅಂದ. ಆ ಮಾತಿನಲ್ಲಿ ಅಪ್ಪ ಯಾರ ಪರ ನಿಂತ ಎಂದು ಇವತ್ತಿಗೂ ನಮಗೆ ಗೊತ್ತಾಗಿಲ್ಲ. ಮಾರುವುದಿಲ್ಲ ಎಂದು ಹೇಳಿ, ರಿಪೇರಿ ಆದ ಮೇಲೆ ಬಿಲ್ಲು ತರುತ್ತೇವೆ ಎಂದೂ ಹೇಳಿ ಬಂದೆವು.

ಆ ರಾತ್ರಿ ನಾವೇ ಎರಡು ಪಾಲಾದೆವು. ವ್ಯಾನಿನವನಿಗೂ ಉಪನ್ಯಾಸಕನಿಗೂ ಮಾರಿಬಿಡುವುದೇ ಲೇಸು ಅನ್ನಿಸಿತ್ತು. ಅರವತ್ತು ಸಾವಿರ ಕಡಿಮೆ ದುಡ್ಡಲ್ಲ. ನಾಳೆ ಇನ್ನೊಂದು ಮುರಿಯುತ್ತದೆ, ಸಾಮಾನು ಇನ್ನೂ ಕಮ್ಮಿಯಾಗುತ್ತದೆ. ವ್ಯಾನಿನವನ ಮದುವೆಯ ದುಡ್ಡೂ ಅದರಲ್ಲೇ ಸಿಕ್ಕಿಕೊಂಡಿತ್ತು. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಕೊನೆಗೆ ಆರ್‌ಸಿ ಯಾರ ಹೆಸರಲ್ಲಿದೆಯೋ ಅವರನ್ನು ಕೇಳೋಣ ಅಂದೆವು. ಅವ್ವ ಒಲೆ ಮುಂದೆ ಕೂತು, ‘ಅವನ್ಗೆ ಬ್ಯಾಡ’ ಅಂದಳು. ಕಾರು ಮಾರಬೇಡಿ ಅನ್ನಲಿಲ್ಲ. ಅವನಿಗೆ ಬೇಡ ಅಂದಳು. ಇಷ್ಟೇ ತೀರ್ಪು.

ಟೈಲ್ ಲ್ಯಾಂಪು ಸೆಡಾನಿನದೇ ಆಗಬೇಕಲ್ಲ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಎರಡು ಭಾನುವಾರ ಅಲೆದೆವು. ಎಲ್ಲೋ ಮುಂಭಾಗ ನುಚ್ಚುನೂರಾಗಿ ಬಂದ ಒಂದು ಸೇಲ್‌ನ ಹಿಂಭಾಗ ಹಾಗೇ ಉಳಿದಿತ್ತು. ಒಳಗಿನ ಸೀಟಿನಲ್ಲಿ ಮಗುವಿನ ಒಂದು ಚಪ್ಪಲಿ ಇತ್ತು. ಯಾರದೋ ಏನಾಯಿತೋ. ಅದನ್ನು ಅಲ್ಲೇ ಬಿಟ್ಟು ಲ್ಯಾಂಪು ಬಿಚ್ಚಿಸಿಕೊಂಡೆವು, 1,800 ರೂಪಾಯಿ. ಬಂಪರಿಗೆ ಫೈಬರ್ ಹಾಕಿ ಹೊಲಿಸಿದ್ದು, ಡಿಕ್ಕಿ ಮೂಲೆಯ ಟಿಂಕರಿಂಗು, ಬಣ್ಣ ಎಲ್ಲ ಸೇರಿ 7,400. ಬಣ್ಣ ಪೂರ್ತಿ ಹೊಂದಿಲ್ಲ, ಬಿಸಿಲಲ್ಲಿ ನೋಡಿದರೆ ಕಾಣುತ್ತದೆ. ಬಿಲ್ಲನ್ನು ಯಜಮಾನರ ಮನೆಗೆ ಕೊಂಡುಹೋಗಿ ಕೊಟ್ಟೆವು. ಇಟ್ಟುಕೊಂಡರು. ಮುಂದಿನ ಯುಗಾದಿಗೆ ಅಪ್ಪನ ಕೂಲಿ ಲೆಕ್ಕದ ಜೊತೆ ಒಂದು ಕವರಿನಲ್ಲಿ 3,000 ಕೊಟ್ಟು ಕಳಿಸಿದ್ದರು, ಯಾವುದಕ್ಕೆ ಅಂತ ಹೇಳದೆ. ನೋಟುಬುಕ್ಕಿನಲ್ಲಿ ಬರೆದಿದ್ದೇವೆ: ಬಂದದ್ದು 3,000, ಬಾಕಿ 4,400. ಪ್ರತಿ ತಿಂಗಳ ಲೆಕ್ಕದಲ್ಲೂ ಆ ಬಾಕಿಯನ್ನು ಹೊಸ ಪುಟಕ್ಕೆ ಎತ್ತಿ ಬರೆಯುತ್ತೇವೆ. ಅಪ್ಪ ಆ ಗದ್ದೆಗೆ ಕೂಲಿಗೆ ಹೋಗುವುದು ನಿಂತಿದೆ. ಅವರು ಬೇಡ ಅಂದರೋ ಇವನೇ ಬಿಟ್ಟನೋ, ಕೇಳಿದರೆ, ‘ಮಂಡಿ ನೋವು’ ಅನ್ನುತ್ತಾನೆ.

ಮುಂದಿನದ್ದು ಗೊತ್ತಿರುವುದೇ. 2029ಕ್ಕೆ ಕಾರಿಗೆ ಹದಿನೈದು ತುಂಬುತ್ತದೆ. ಆಗ ಮರುನೋಂದಣಿ ಮಾಡಿಸಬೇಕು. ಅದಕ್ಕೆ 600 ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ, ಹಸಿರು ತೆರಿಗೆ ಬೇರೆ. ಗಾಡಿ ಗಟ್ಟಿಯಾಗಿದೆ ಎಂದು ತೋರಿಸಬೇಕು. ಎಂಜಿನ್ನಿನ ನೆಂಟರೂ ಕಮ್ಮಿಯಾಗುತ್ತಿದ್ದಾರೆ. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ಕಾನೂನು ಬಂದಾಗ ಮಾರುತಿಯವರೂ ಈ ಡೀಸೆಲ್ಲನ್ನು ಕೈಬಿಟ್ಟರು. ಸ್ವಿಫ್ಟಿನ ಹೆಸರಲ್ಲಿ ಸಿಗುವ ಸಾಮಾನಿಗೂ ಒಂದು ದಿನ ‘ಇಲ್ಲ’ ಅನ್ನುವ ಕಾಲ ಬರುತ್ತದೆ. ಆದ್ದರಿಂದ ಅವ್ವನ ಮಂಚದ ಕೆಳಗೆ ಒಂದು ಗೋಣಿಚೀಲ ಇಟ್ಟಿದ್ದೇವೆ: ಆಯಿಲ್ ಫಿಲ್ಟರು ನಾಲ್ಕು, ಲಿಂಕ್ ರಾಡು ಒಂದು ಜೊತೆ, ಗುಜರಿಯಲ್ಲಿ ಸಿಕ್ಕ ಬಲಗಡೆಯ ಲ್ಯಾಂಪು, ಒಂದು ಬಾಗಿಲಿನ ಹಿಡಿ. ರಾಗಿ ಮೂಟೆಯ ಪಕ್ಕ ಅದೂ ಇದೆ.

ಹಿಂದಿನ ಎಡ ಬಾಗಿಲಿನ ರಬ್ಬರು ಬಿರಿದು ಮಳೆ ನೀರು ಒಳಗೆ ಬರುತ್ತಿದೆ. ಅಂಗಡಿಯಲ್ಲಿ ಇಲ್ಲ ಅಂದಿದ್ದಾರೆ. ಇನ್ಯಾವುದೋ ಕಾರಿನ ರಬ್ಬರು ಕತ್ತರಿಸಿ ಕೂರಿಸಿ ನೋಡೋಣ ಎಂದು ಭಾಯಿ ಶನಿವಾರ ಬರಹೇಳಿದ್ದಾರೆ. ಅಳತೆಗೆ ಹಳೆಯದನ್ನು ಬಿಚ್ಚಿ ಇಟ್ಟುಕೊಂಡಿದ್ದೇವೆ.